ಪೊದೆ ಹಿಡಿದ ಮೂರೂಕಾಲು ಎಕರೆ: ಯಂತ್ರ ಆರಿಸಿದ ಲೆಕ್ಕ, ದಾರಿಯಲ್ಲಿ ಮಾಡಿದ ತಪ್ಪು

ಹೊಸನಗರ ತಾಲ್ಲೂಕಿನ ನಗರ ಹೋಬಳಿಯಲ್ಲಿರುವ ನಮ್ಮ ಮನೆತನದ 4 ಎಕರೆ 20 ಗುಂಟೆ ಹಿಡುವಳಿಗೆ ಹದಿನೆಂಟು ವರ್ಷಗಳಿಂದ ಯಾರೂ ಕತ್ತಿ ಹಾಕಿರಲಿಲ್ಲ. ಅಜ್ಜನ ಕಾಲದಲ್ಲಿ ಅಲ್ಲೊಂದು ಮನೆ, ಬಾಳೆ, ಸ್ವಲ್ಪ ಕಾಫಿ ಇದ್ದವು. ಮನೆ ಬಿದ್ದ ಮೇಲೆ ಲಂಟಾನ, ಊರಿನವರು ಕಮ್ಯುನಿಸ್ಟ್ ಗಿಡ ಎನ್ನುವ ಯುಪಟೋರಿಯಂ, ಸೀಗೆಮಟ್ಟಿ ಮತ್ತು ಬೀಜ ಬಿದ್ದು ತಾನಾಗಿ ಹುಟ್ಟಿದ ಅಕೇಶಿಯಾ ಸೇರಿಕೊಂಡು ಒಳಗೆ ಕಾಲಿಡಲಾಗದಂತೆ ಬೆಳೆದವು. 2024ರ ಡಿಸೆಂಬರ್‌ನಿಂದ 2025ರ ಏಪ್ರಿಲ್‌ವರೆಗೆ ಅದನ್ನು ಬಿಡಿಸಿದ ಕೆಲಸವನ್ನು ನಡೆದ ಕ್ರಮದಲ್ಲೇ ಇಲ್ಲಿ ಬರೆದಿಟ್ಟಿದ್ದೇನೆ. ಟಾರು ರಸ್ತೆಯಿಂದ ದೂರವಿರುವ, ಇಳಿಜಾರಿನ, ಮರ ತುಂಬಿದ ಜಮೀನಿಗೆ ಯಾವ ಯಂತ್ರ ತರಬೇಕೆಂದು ಲೆಕ್ಕ ಹಾಕುತ್ತಿರುವವರಿಗೆ ನನ್ನ ತಪ್ಪುಗಳೇ ಹೆಚ್ಚು ಉಪಯೋಗಕ್ಕೆ ಬರಬಹುದು. ಬಾಡಿಗೆಯ ದರಗಳೆಲ್ಲ ನಾನು ಆಗ ಕೊಟ್ಟವು. ಊರಿನಿಂದ ಊರಿಗೆ ಅವು ಬದಲಾಗುತ್ತವೆ.

ಹಂತ 1. ಗಡಿ, ಅನುಮತಿ, ಉಳಿಸುವ ಮರ (ಡಿಸೆಂಬರ್ 2024)

ನಮ್ಮ ಜಮೀನಿನ ಎರಡು ಮಗ್ಗುಲಿಗೆ ಅರಣ್ಯವಿದೆ. ಹಳೆಯ ಅಗಳು (ಗಡಿಯ ಕಂದಕ) ಮುಚ್ಚಿಹೋಗಿ ಗಡಿ ಎಲ್ಲಿದೆ ಎಂಬುದೇ ಗೊತ್ತಾಗುತ್ತಿರಲಿಲ್ಲವಾದ್ದರಿಂದ ಮೊದಲು ಹದ್ದುಬಸ್ತು ಮಾಡಿಸಿ ಕಲ್ಲು ನೆಡಿಸಿದೆ. ಯಂತ್ರ ಒಮ್ಮೆ ಒಳಗೆ ಬಂದ ಮೇಲೆ ಗಡಿ ಹುಡುಕುತ್ತ ನಿಲ್ಲಲು ಸಮಯವಿರುವುದಿಲ್ಲ, ಮತ್ತು ಅರಣ್ಯದ ಕಡೆ ಒಂದು ಬಕೆಟ್ ಹೋದರೂ ಅದು ಅಪರಾಧವಾಗುತ್ತದೆ. ಮರ ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಅಡಿಯಲ್ಲಿ ನವೆಂಬರ್ ಮೊದಲ ವಾರದಲ್ಲೇ ಅರ್ಜಿ ಕೊಟ್ಟಿದ್ದೆ. ಸ್ಥಳ ಪರಿಶೀಲನೆಯೆಲ್ಲ ಮುಗಿದು ಅನುಮತಿ ಕೈಗೆ ಬಂದದ್ದು ಡಿಸೆಂಬರ್ ಕೊನೆಗೆ. ಸ್ವಂತ ಜಮೀನಿನ ಮರ ಎಂದು ಮೊದಲು ಕಡಿದು ಆಮೇಲೆ ಕಾಗದ ಮಾಡಿಸುವ ಯೋಚನೆಯಿದ್ದರೆ ದಯವಿಟ್ಟು ಬಿಡಿ.

ಕಡಿಯಬೇಕಾದದ್ದು 140 ಅಕೇಶಿಯಾ ಮಾತ್ರ, ಸುತ್ತಳತೆ 2 ಅಡಿಯಿಂದ 4 ಅಡಿಯವರೆಗೆ. ಹೊನ್ನೆ, ಮತ್ತಿ, ನಂದಿ, ಹಲಸು, ಎರಡು ಧೂಪ, ಇವೆಲ್ಲಕ್ಕೂ ಎದೆಯೆತ್ತರದಲ್ಲಿ ಸುಣ್ಣದ ಪಟ್ಟೆ ಬಳಿದು ಮುಟ್ಟಬಾರದೆಂದು ಗುರುತು ಮಾಡಿದೆ. ಹಳ್ಳದ ಅಂಚಿನ 1 ಎಕರೆ 10 ಗುಂಟೆಯನ್ನು ಪೂರ್ತಿಯಾಗಿ ಬಿಟ್ಟೆವು. ಅಲ್ಲಿ ಒರತೆ ಇದೆ, ಆ ಮರಗಳ ನೆರಳಿಲ್ಲದಿದ್ದರೆ ಅದು ಫೆಬ್ರುವರಿಗೇ ಬತ್ತುತ್ತದೆ. ಹೀಗೆ ಬಿಡಿಸಬೇಕಾದ ಜಾಗ 3 ಎಕರೆ 10 ಗುಂಟೆಗೆ ಬಂದು ನಿಂತಿತು.

ಹಂತ 2. ಒಳಗೆ ಸಾಲು ಬಿಡಿಸಿ ಇಳಿಜಾರು ಅಳೆದದ್ದು (ಜನವರಿ 9ರಿಂದ 12)

ಯಂತ್ರ ತರುವ ಮೊದಲು ನಾಲ್ಕು ಜನ ಆಳುಗಳು ನಾಲ್ಕು ದಿನ ಕತ್ತಿಯಲ್ಲಿ ಪೊದೆ ಸವರಿ, ಮೇಲಿನಿಂದ ಕೆಳಕ್ಕೆ 30 ಅಡಿಗೆ ಒಂದರಂತೆ ಕಾಲುದಾರಿ ಮಾಡಿದರು. ತಲಾ 600 ರೂಪಾಯಿಯಂತೆ 9,600 ರೂಪಾಯಿ ಆಯಿತು. ಇದು ಮಂಗನ ಕಾಯಿಲೆಯ ಕಾಲ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಾದ ಈ ರೋಗವನ್ನು ಹರಡುವ ಉಣುಗುಗಳು ಡಿಸೆಂಬರ್‌ನಿಂದ ಬೇಸಿಗೆಯ ಕೊನೆಯವರೆಗೆ ತರಗೆಲೆಯಲ್ಲಿ ಹೆಚ್ಚಾಗಿರುತ್ತವೆ. ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಿಂದ ತಂದ ಡೇಪಾ ತೈಲವನ್ನು ಪ್ರತಿ ಬೆಳಿಗ್ಗೆ ಕೈಕಾಲಿಗೆ ಹಚ್ಚಿಕೊಂಡು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಂಡೇ ಎಲ್ಲರೂ ಇಳಿದೆವು. ಸಂಜೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನು ಕುದಿಸಿ ಒಗೆಯುವುದನ್ನು ಯಾರೂ ತಪ್ಪಿಸಲಿಲ್ಲ. ಪೊದೆಯೊಳಗೆ ಮನುಷ್ಯರು ಕಳೆಯುವ ದಿನಗಳನ್ನು ಕಡಿಮೆ ಮಾಡಬೇಕೆಂಬುದು ಯಂತ್ರ ತರಿಸಲು ನನಗಿದ್ದ ಮುಖ್ಯ ಕಾರಣಗಳಲ್ಲಿ ಒಂದು.

ಸಾಲು ಬಿಡಿಸುವಾಗ ಹಳೆಯ ಮನೆಯ ತಳಪಾಯದಿಂದ 30 ಅಡಿ ದೂರದಲ್ಲಿ, ಲಂಟಾನದ ಅಡಿಯಲ್ಲಿ, ಕಟ್ಟೆಯಿಲ್ಲದ 8 ಅಡಿ ಅಗಲದ ಬಾವಿ ಸಿಕ್ಕಿತು. ಸುತ್ತ ಗೂಟ ಹೊಡೆದು ಹಗ್ಗ ಕಟ್ಟಿ ಕೆಂಪು ಬಟ್ಟೆ ನೇತುಹಾಕಿದೆವು. ಸಾಲುಗಳ ಅಂತರವನ್ನು 30 ಅಡಿ ಇಟ್ಟದ್ದು ತಪ್ಪು, 15 ಅಡಿ ಇಡಬೇಕಿತ್ತು. ಅದರ ಫಲ ಏನಾಯಿತೆಂದು ಎಂಟನೇ ಹಂತದಲ್ಲಿ ಬರುತ್ತದೆ.

ಇಳಿಜಾರನ್ನು ಮೇಸ್ತ್ರಿಗಳು ಬಳಸುವ ನೀರಿನ ಟ್ಯೂಬ್ ಲೆವೆಲ್‌ನಲ್ಲಿ ಅಳೆದೆ. ಮೇಲಿನ ಅರ್ಧದಲ್ಲಿ 10 ಅಡಿಗೆ ಮೂರೂವರೆ ಅಡಿ ಇಳಿತ, ಅಂದರೆ ಸುಮಾರು 19 ಡಿಗ್ರಿ. ಕೆಳಗಿನ ಒಂದು ಪಟ್ಟಿಯಲ್ಲಿ 10 ಅಡಿಗೆ 5 ಅಡಿ, ಅಂದರೆ 26 ಡಿಗ್ರಿಗೂ ಮಿಕ್ಕಿ. ಮೇಲ್ಮಣ್ಣು 4ರಿಂದ 6 ಇಂಚಿನ ಕಪ್ಪು ತರಗಿನ ಮಣ್ಣು, ಅದರ ಕೆಳಗೆ ಜಂಬಿಟ್ಟಿಗೆಯ ಕೆಂಪು. ಇಂಥ ಮಳೆಯ ಸೀಮೆಯಲ್ಲಿ ಆ ನಾಲ್ಕಿಂಚು ಹೋದರೆ ಮತ್ತೆ ಬರುವುದಿಲ್ಲ. ಯಂತ್ರವನ್ನು ಆರಿಸುವಾಗ ಈ ನಾಲ್ಕಿಂಚನ್ನೇ ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕಿತ್ತು. ನಾನು ಗಂಟೆಯ ದರವನ್ನು ಇಟ್ಟುಕೊಂಡೆ.

ಹಂತ 3. ರಸ್ತೆ ಅಳೆದದ್ದು (ಜನವರಿ 14)

ಟಾರು ರಸ್ತೆ ಮುಗಿದ ಮೇಲೆ ಜಮೀನಿಗೆ ಮೂರೂವರೆ ಕಿಲೋಮೀಟರ್ ಮಣ್ಣಿನ ದಾರಿ. ಟೇಪು ಹಿಡಿದು ನಡೆದು ಬರೆದುಕೊಂಡದ್ದು ಇಷ್ಟು: ಎರಡೂ ಕಡೆ ಧರೆ (ಗೋಡೆಯಂತೆ ನಿಂತ ಎತ್ತರದ ಮಣ್ಣು) ಇರುವ ಕಡಿದಾದ ಒಂದು ಜಾಗದಲ್ಲಿ ದಾರಿಯ ಅಗಲ ಕೇವಲ 8 ಅಡಿ 4 ಇಂಚು. ಎರಡು ಕಡೆ ತಿರುವು ಎಷ್ಟು ಚಿಕ್ಕದೆಂದರೆ ಆರು ಚಕ್ರದ ಲಾರಿಯೂ ಒಂದೇ ಸಲಕ್ಕೆ ತಿರುಗುವುದಿಲ್ಲ. ಮೊದಲ ಮೋರಿ ಸಿಮೆಂಟ್ ಪೈಪಿನದು, ಅದರ ಮೇಲೆ ಮಣ್ಣು ಬರೀ ಎಂಟು ಇಂಚು. ಎರಡನೆಯದು ಹಳ್ಳದ ಮೇಲೆ ಹಾಸಿದ ಚಪ್ಪಡಿ ಕಲ್ಲಿನದು, ಒಂದು ಚಪ್ಪಡಿಯಲ್ಲಿ ಸೀಳು ಬಿಟ್ಟಿದೆ.

ಯಂತ್ರದ ಬಗ್ಗೆ ಯಾರನ್ನು ಕೇಳಿದರೂ ಎಷ್ಟು ಎಕರೆ, ಎಷ್ಟು ಮರ ಎಂದೇ ವಿಚಾರಿಸಿದರು; ಮೋರಿ ಹೇಗಿದೆ ಎಂದು ಕೇಳಿದವರು ಒಬ್ಬರೇ, ಅವರು ಕಲ್ಲುಕ್ವಾರಿಯಲ್ಲಿ ಯಂತ್ರ ಓಡಿಸಿ ನಿವೃತ್ತರಾದವರು. ಅವರ ಮಾತಿನಿಂದಲೇ ನನ್ನ ಪಟ್ಟಿ ಅರ್ಧಕ್ಕೆ ಇಳಿಯಿತು.

ಹಂತ 4. ಪಟ್ಟಿ ಮಾಡಿ ಹೊಡೆದುಹಾಕಿದ್ದು

ಟಾಟಾ ಹಿಟಾಚಿ ಇಎಕ್ಸ್ 200ರಂಥ 20 ಟನ್ ವರ್ಗದ ಯಂತ್ರ ಅಕೇಶಿಯಾದ ಬೊಡ್ಡೆಯನ್ನು ಮೂಲಂಗಿ ಕಿತ್ತಂತೆ ಕೀಳುತ್ತದೆ ಎನ್ನುವುದು ನಿಜ. ಆದರೆ ಅದರ ಅಗಲವೇ 9 ಅಡಿ ದಾಟುತ್ತದೆ, ತರಲು ಲೋ ಬೆಡ್ ಟ್ರೇಲರ್ (ಭಾರದ ಯಂತ್ರ ಸಾಗಿಸುವ ತಗ್ಗಿನ ಉದ್ದ ಗಾಡಿ) ಬೇಕು, ಟ್ರೇಲರ್ ನಮ್ಮ ತಿರುವಿನ ಹತ್ತಿರವೂ ಬರುವುದಿಲ್ಲ. ಯಂತ್ರವನ್ನೇ ನಡೆಸಿಕೊಂಡು ತಂದರೆ 8 ಅಡಿ 4 ಇಂಚಿನ ಧರೆಯನ್ನು ಅಗೆಯಬೇಕು, ಎರಡೂ ಮೋರಿಗಳನ್ನು ಹೊಸದಾಗಿ ಕಟ್ಟಬೇಕು. ಮೂರೂಕಾಲು ಎಕರೆಗೆ ಅಷ್ಟು ಖರ್ಚು ಯಾವ ಲೆಕ್ಕದಲ್ಲೂ ಕೂಡುವುದಿಲ್ಲ.

ಮುಂದಿನ ಅಗಲವಾದ ಬ್ಲೇಡಿನಿಂದ ನೆಲ ದೂಡುವ ಡೋಜರ್ ಬಗ್ಗೆ ಹಳಬರಿಗೆ ಬಹಳ ವಿಶ್ವಾಸ. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿರುವ ಬೆಮೆಲ್ ಕಾರ್ಖಾನೆಯ ಡೋಜರ್‌ಗಳು ಬಯಲುಸೀಮೆಯಲ್ಲಿ ಎಷ್ಟೋ ಹೊಲಗಳನ್ನು ಸಮ ಮಾಡಿವೆ, ಸಮತಟ್ಟಾದ ನೆಲಕ್ಕೆ ಅದು ಇವತ್ತಿಗೂ ಒಳ್ಳೆಯ ಯಂತ್ರವೇ. ಆದರೆ ಸಣ್ಣ ಗಾತ್ರದ ಡಿ 50 ವರ್ಗದ್ದಾದರೂ ಹತ್ತು ಟನ್‌ಗೆ ಮಿಕ್ಕಿ ತೂಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದರ ಬ್ಲೇಡು ಪೊದೆಯನ್ನೂ ಮಣ್ಣನ್ನೂ ಬೇರೆ ಮಾಡುವುದಿಲ್ಲ, ಎರಡನ್ನೂ ಒಟ್ಟಿಗೆ ದೂಡುತ್ತದೆ. ಪಕ್ಕದ ಊರಿನಲ್ಲಿ ಹಾಗೆ ಬಿಡಿಸಿದ ಒಂದು ಗುಡ್ಡವನ್ನು ಹೋಗಿ ನೋಡಿದೆ. ಎರಡು ಮಳೆಗಾಲಕ್ಕೆ ಮೊಣಕಾಲುದ್ದದ ಕೊರಕಲು ಬಿದ್ದು ಜಂಬಿಟ್ಟಿಗೆ ಮೇಲೆ ಬಂದಿತ್ತು.

ಪೊದೆಯನ್ನು ನಿಂತಲ್ಲೇ ಪುಡಿ ಮಾಡುವ ಮಲ್ಚರ್ ನಮ್ಮ ಕೆಲಸಕ್ಕೆ ಎಲ್ಲಕ್ಕಿಂತ ಹೊಂದುತ್ತಿತ್ತು, ಏಕೆಂದರೆ ಅದು ಮಣ್ಣನ್ನೇ ಮುಟ್ಟುವುದಿಲ್ಲ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಮೂರೂ ಕಡೆ ವಿಚಾರಿಸಿದೆ; ಬಾಡಿಗೆಗೆ ಸಿಗಲಿಲ್ಲ. ಟ್ರಾಕ್ಟರಿಗೆ ಜೋಡಿಸುವ ಹುಲ್ಲು ಸವರುವ ಯಂತ್ರ ಈ ಇಳಿಜಾರಿನಲ್ಲಿ ಮಗುಚುವ ಅಪಾಯವಿದ್ದುದರಿಂದ ಯೋಚಿಸಲೇ ಇಲ್ಲ.

ಉಳಿದವು ಎರಡು. ಒಂದು, ಯಾವ ಕಂಪನಿಯದಾದರೂ ನಮ್ಮಲ್ಲಿ ಜೆಸಿಬಿ ಎಂದೇ ಕರೆಯುವ, ಹಿಂದೆ ಅಗೆಯುವ ಸಣ್ಣ ಬಕೆಟ್ಟೂ ಮುಂದೆ ತುಂಬುವ ದೊಡ್ಡ ಬಕೆಟ್ಟೂ ಇರುವ ಟೈರಿನ ಬ್ಯಾಕ್‌ಹೋ ಲೋಡರ್. ಏಳೂವರೆ ಟನ್ ಆಸುಪಾಸಿನ ತೂಕ, ತಾನೇ ರಸ್ತೆಯಲ್ಲಿ ಓಡಿ ಬರುತ್ತದೆ, ಗಂಟೆಗೆ 1,200 ರೂಪಾಯಿ. ಇನ್ನೊಂದು, ಟೈರಿನ ಬದಲು ಉಕ್ಕಿನ ಚೈನ್ ಮೇಲೆ ನಡೆಯುವ 7 ಟನ್ ವರ್ಗದ ಚೈನ್ ಗಾಡಿ, ಊರ ಮಾತಿನಲ್ಲಿ ಸಣ್ಣ ಹಿಟಾಚಿ. ಲಾರಿಯ ಮೇಲೆ ತರಬೇಕು, ಗಂಟೆಗೆ 1,400 ರೂಪಾಯಿ, ಲಾರಿಗೆ ಹೋಗಿ ಬರಲು 18,000 ರೂಪಾಯಿ. ಎರಡರ ಅಗಲವೂ ಏಳೂವರೆ ಅಡಿಯ ಸುತ್ತಮುತ್ತ, ಹಾಗಾಗಿ ಧರೆಯ ಜಾಗದಲ್ಲಿ ಎರಡೂ ನುಸುಳುತ್ತವೆ. ನಾನು 18,000 ರೂಪಾಯಿ ಉಳಿಯಿತೆಂದು ಟೈರಿನ ಯಂತ್ರವನ್ನು ಕರೆಸಿದೆ.

ಹಂತ 5. ಟೈರಿನ ಯಂತ್ರದ ಒಂದು ದಿನ (ಜನವರಿ 18)

ಓಡಾಟಕ್ಕೆ 2 ಗಂಟೆ, ಕೆಲಸಕ್ಕೆ 6 ಗಂಟೆ, ಒಟ್ಟು 9,600 ರೂಪಾಯಿ. ಬಿಡಿಸಿದ ಜಾಗವನ್ನು ಸಂಜೆ ಅಳೆದರೆ 9 ಗುಂಟೆ. ಎಕರೆಯ ಲೆಕ್ಕಕ್ಕೆ ತಂದರೆ 26ರಿಂದ 27 ಗಂಟೆ, ಅದೂ ಅಕೇಶಿಯಾದ ಒಂದು ಬೊಡ್ಡೆಯನ್ನೂ ಮುಟ್ಟದೆ.

ತೊಂದರೆ ಚಾಲಕನದಲ್ಲ, ಯಂತ್ರದ ಮಾದರಿಯದೂ ಅಲ್ಲ. ಸಮತಟ್ಟು ಜಾಗದ ಯಂತ್ರವನ್ನು ಗುಡ್ಡಕ್ಕೆ ಕರೆತಂದ ನನ್ನದು. ಹಿಂದಿನ ಬಕೆಟ್ಟಿನಿಂದ ಕೀಳಬೇಕಾದರೆ ಪ್ರತಿ ಸಲವೂ ನೆಲಕ್ಕೆ ಊರುವ ಪಕ್ಕದ ಎರಡೂ ಜ್ಯಾಕ್ ಇಳಿಸಿ ಯಂತ್ರವನ್ನು ಮಟ್ಟ ಮಾಡಿಕೊಳ್ಳಬೇಕು, ಹತ್ತು ಅಡಿ ಮುಂದೆ ಹೋಗಲು ಜ್ಯಾಕ್ ಎತ್ತಬೇಕು, ಮತ್ತೆ ಇಳಿಸಬೇಕು. 19 ಡಿಗ್ರಿಯಲ್ಲಿ ತರಗೆಲೆಯ ಮೇಲೆ ಚಕ್ರ ನಿಂತಲ್ಲೇ ತಿರುಗಿ ಕೆಂಪು ಮಣ್ಣಿನವರೆಗೆ ಗುಂಡಿ ತೋಡಿತು. ಬೇಗ ಆಗಲೆಂದು ಚಾಲಕರು ಮುಂದಿನ ದೊಡ್ಡ ಬಕೆಟ್ಟಿನಿಂದ ದೂಡಲು ಶುರುಮಾಡಿದರು, ನಾನೂ ತಡೆಯಲಿಲ್ಲ. ಅರ್ಧ ಗಂಟೆಯ ನಂತರ ಕೆಳಗೆ ಹೋಗಿ ನೋಡಿದಾಗ ರಾಶಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಮಣ್ಣೇ ಇತ್ತು. ಆ 9 ಗುಂಟೆಯ ಮೇಲ್ಮಣ್ಣು ಹೀಗೆ ಹೋಯಿತು. ಮಧ್ಯಾಹ್ನ ಆಳುಗಳು ಓರೆಯಾಗಿ ಕಡಿದಿದ್ದ ಒಂದು ಕೂಳೆ ಮುಂದಿನ ಟೈರಿನ ಮಗ್ಗುಲಿಗೆ ಚುಚ್ಚಿತು. ಅದನ್ನು ಬಿಚ್ಚಿ ಪಂಕ್ಚರ್ ಹಾಕಿಸಿ ತರುವಷ್ಟರಲ್ಲಿ ಕತ್ತಲಾಯಿತು. ಮಾಲೀಕರು ಆ ಹೊತ್ತಿಗೆ ಬಾಡಿಗೆ ಕೇಳಲಿಲ್ಲ.

ಹಂತ 6. ಮರ ಕೊಯ್ದದ್ದು, ಅದರಲ್ಲಾದ ದೊಡ್ಡ ತಪ್ಪು (ಜನವರಿ 24ರಿಂದ 28)

ಎರಡು ಗರಗಸದ ಮಿಷನ್, ಇಬ್ಬರು ಕೊಯ್ಯುವವರು, ಸಹಾಯಕರೂ ಸೇರಿ ಒಂದು ಮಿಷನ್ನಿಗೆ ದಿನಕ್ಕೆ 2,500 ರೂಪಾಯಿಯಂತೆ ಐದು ದಿನಕ್ಕೆ 25,000 ರೂಪಾಯಿ. ಜಮೀನಿನ ಮೇಲಂಚಿನಲ್ಲಿ ವಿದ್ಯುತ್ ಕಂಪನಿ ಮೆಸ್ಕಾಂನ 11 ಕೆವಿ ತಂತಿ ಹಾದುಹೋಗಿರುವುದರಿಂದ ಅಲ್ಲಿನ ಏಳು ಮರಗಳನ್ನು ಮೊದಲೇ ತಿಳಿಸಿ, ಲೈನ್ ಬಂದ್ ಮಾಡಿಸಿದ ದಿನವೇ ಇಳಿಸಿದೆವು.

ನಾಟಾ ಉದ್ದ ಸಿಗಲಿ, ನೋಡಲೂ ಚೊಕ್ಕವಾಗಿರಲಿ ಎಂದು ಮೊದಲ ಎರಡು ದಿನ ಕೊಯ್ದ 46 ಮರಗಳನ್ನು ನಾನೇ ನಿಂತು ನೆಲಮಟ್ಟಕ್ಕೆ ಕೊಯ್ಯಿಸಿದೆ. ಮೂರನೆಯ ದಿನ ಬೆಳಿಗ್ಗೆ ಚೈನ್ ಗಾಡಿಯ ಆಪರೇಟರ್ ಜಾಗ ನೋಡಲು ಬಂದರು. ಅವರು ರಾಣೆಬೆನ್ನೂರಿನ ಕಡೆಯವರು. ಬೊಡ್ಡೆಗಳನ್ನು ನೋಡಿ, “ಇಷ್ಟು ಗಿಡ್ಡಕ್ಕ ಕೊಯ್ದಿಟ್ರ ನಾ ಏನ ಹಿಡದು ಅಳ್ಳಾಡಸ್ಲಿ, ಸರ?” ಎಂದು ಕೇಳಿದರು. ಬೊಡ್ಡೆಯನ್ನು ಕೀಳುವುದು ಅಗೆದಲ್ಲ, ಮೇಲಿನ ಕಾಂಡವನ್ನು ಬಕೆಟ್ಟಿನ ಬೆನ್ನಿನಿಂದ ದೂಡಿ ಮೀಟಿ. ಅದಕ್ಕೆ ಕನಿಷ್ಠ 4 ಅಡಿ ಕಾಂಡ ಉಳಿದಿರಬೇಕು. ಉಳಿದ 94 ಮರಗಳನ್ನು 4 ಅಡಿ ಬಿಟ್ಟು ಕೊಯ್ಯಿಸಿದೆ. ಮರವನ್ನು ಕೊಯ್ಯುವವರಿಗೂ ಯಂತ್ರದವರಿಗೂ ಮೊದಲೇ ಮಾತುಕತೆ ಮಾಡಿಸದೆ ಇದ್ದದ್ದು ಈ ಇಡೀ ಕೆಲಸದಲ್ಲಿ ನನಗೆ ಹೆಚ್ಚು ನೋವು ಕೊಟ್ಟ ತಪ್ಪು.

ಹಂತ 7. ಚೈನ್ ಗಾಡಿ ಒಳಗೆ ಬಂದದ್ದು (ಫೆಬ್ರುವರಿ 8)

ಆರು ಚಕ್ರದ ಲಾರಿಯಲ್ಲಿ ಟಾರು ರಸ್ತೆಯ ಕೊನೆಯವರೆಗೆ ಬಂದ ಯಂತ್ರವನ್ನು ಇಳಿಸಲು ರ‍್ಯಾಂಪ್ ಇರಲಿಲ್ಲ. ಲಾರಿಯ ಹಲಗೆಯಷ್ಟೇ ಎತ್ತರದ ಒಂದು ಧರೆಯನ್ನು ಮೊದಲೇ ಹುಡುಕಿಟ್ಟಿದ್ದೆ. ಲಾರಿಯನ್ನು ಅದಕ್ಕೆ ಒತ್ತಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಬಕೆಟ್ಟನ್ನು ಧರೆಗೆ ಊರಿಕೊಂಡು ಆಪರೇಟರ್ ನಿಧಾನವಾಗಿ ಇಳಿಸಿದರು. ಮೂರೂವರೆ ಕಿಲೋಮೀಟರ್ ನಡೆಯಲು ಒಂದೂವರೆ ಗಂಟೆ. ಚೈನ್ ಗಾಡಿ ದೂರ ನಡೆಯುವುದಕ್ಕೆ ಮಾಡಿದ್ದಲ್ಲ, ರೋಲರ್ ಬಿಸಿಯಾಗುತ್ತದೆ ಎಂದು ಪ್ರತಿ ಕಿಲೋಮೀಟರಿಗೆ ಹತ್ತು ನಿಮಿಷ ನಿಲ್ಲಿಸುತ್ತಿದ್ದರು.

ಪೈಪಿನ ಮೋರಿಯ ಮೇಲೆ ಒಂದೂವರೆ ಅಡಿ ಮಣ್ಣು ಏರಿಸಿ, ಅಡ್ಡಲಾಗಿ ಅಕೇಶಿಯಾದ ದಿಮ್ಮಿ ಹಾಸಿ ದಾಟಿಸಿದೆವು. ಚಪ್ಪಡಿಯ ಮೋರಿಯನ್ನು ಮುಟ್ಟಲೇ ಇಲ್ಲ. ಫೆಬ್ರುವರಿಯಲ್ಲಿ ಹಳ್ಳದ ನೀರು ಪಾದ ಮುಚ್ಚುವಷ್ಟೇ ಇರುವುದರಿಂದ ಪಕ್ಕದಲ್ಲಿ ಕಾಡುಗಲ್ಲು ಹಾಸಿ ಇಳಿಸಿ ಹತ್ತಿಸಿದೆವು. ಕಲ್ಲು, ಮಣ್ಣು, ಆಳು ಸೇರಿ 6,500 ರೂಪಾಯಿ, ಯಂತ್ರದ್ದೇ 2 ಗಂಟೆ. ನಡಿಗೆಯ ಹೊತ್ತನ್ನೂ ಕೂಡಿದರೆ ಹೋಗಿ ಬರುವುದಕ್ಕೇ 5 ಗಂಟೆಯ ಬಾಡಿಗೆ.

ಬಾಡಿಗೆಯ ಮಾತಿನ ಬಗ್ಗೆ ಎರಡು ಸಂಗತಿ. ಡೀಸೆಲ್ ನಮ್ಮದಾದರೆ ಗಂಟೆಗೆ 850 ರೂಪಾಯಿ, ಅವರದಾದರೆ 1,400. ಈ ಗಾತ್ರದ ಯಂತ್ರ ಗಂಟೆಗೆ ಸುಮಾರು 6 ಲೀಟರ್ ಕುಡಿಯುತ್ತದೆ, ಲೀಟರಿಗೆ 90 ರೂಪಾಯಿಯಂತೆ ಹಿಡಿದರೆ ಎರಡೂ ಒಂದೇ. ಆದ್ದರಿಂದ ಡೀಸೆಲ್ ಸಮೇತವೇ ಒಪ್ಪಿಕೊಂಡೆ, ಆದರೆ ಕ್ಯಾನುಗಳನ್ನು ಜೀಪಿನಲ್ಲಿ ಒಳಗೆ ಸಾಗಿಸುವ ಹೊಣೆ ನನ್ನದಾಯಿತು. ಎರಡನೆಯದು ಅವರ್ ಮೀಟರ್. ಎಂಜಿನ್ ಓಡುತ್ತಿದ್ದರೆ ಸಾಕು, ಬಕೆಟ್ ಅಲ್ಲಾಡದಿದ್ದರೂ ಮೀಟರ್ ಏರುತ್ತದೆ. ಮೊದಲ ದಿನ ನಾನು ಅಂಕಿಯನ್ನು ಬರೆದುಕೊಳ್ಳದೆ ಸಂಜೆ ಎರಡು ಗಂಟೆಯ ವ್ಯತ್ಯಾಸಕ್ಕೆ ಚರ್ಚೆಯಾಯಿತು, ಕೊನೆಗೆ ಅವರ ಲೆಕ್ಕವನ್ನೇ ಒಪ್ಪಿದೆ. ಮರುದಿನದಿಂದ ಬೆಳಿಗ್ಗೆ, ಊಟಕ್ಕೆ ಮೊದಲು, ಊಟದ ನಂತರ, ಸಂಜೆ ಎಂದು ನಾಲ್ಕು ಸಲ ಮೀಟರಿನ ಫೋಟೊ ತೆಗೆದಿಟ್ಟೆ. ಮತ್ತೆ ಮಾತು ಬರಲಿಲ್ಲ.

ಹಂತ 8. ಬೊಡ್ಡೆ, ಹಲ್ಲುಬಾಚಣಿಗೆ, ಗುಂಡಿ (ಫೆಬ್ರುವರಿ 9ರಿಂದ 16)

ಆಪರೇಟರ್ ಇಳಿಜಾರಿನಲ್ಲಿ ನೇರವಾಗಿ ಮೇಲಕ್ಕೆ ಅಥವಾ ನೇರವಾಗಿ ಕೆಳಕ್ಕೆ ಮಾತ್ರ ನಡೆಸಿದರು, ಅಡ್ಡಲಾಗಿ ಒಮ್ಮೆಯೂ ಇಲ್ಲ. ಪ್ರತಿ ನಾಲ್ಕೈದು ಬೊಡ್ಡೆಗೆ ಒಂದು ಸಣ್ಣ ಮೆಟ್ಟಿಲು ಕಡಿದು ಯಂತ್ರವನ್ನು ಮಟ್ಟಕ್ಕೆ ನಿಲ್ಲಿಸಿಕೊಂಡು, ಸುತ್ತ ತಿರುಗಿಯೇ ಕೆಲಸ ಮುಗಿಸುತ್ತಿದ್ದರು. ಟೈರಿನ ಯಂತ್ರಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ: ಒಮ್ಮೆ ನಿಂತರೆ ಸುತ್ತಲ ಹದಿನೈದು ಅಡಿಯ ಕೆಲಸ ಮುಗಿಯುವವರೆಗೆ ಚೈನ್ ಕದಲುವುದಿಲ್ಲ, ಮಣ್ಣು ಕಲಕುವುದಿಲ್ಲ.

4 ಅಡಿ ಬಿಟ್ಟ ಬೊಡ್ಡೆಗಳಿಗೆ ಮೂರು ಕಡೆ ಬೇರು ಕಡಿದು, ಮೇಲ್ಗಡೆಯಿಂದ ದೂಡಿ, ಬುಡ ಎದ್ದ ಮೇಲೆ ಎತ್ತಿ ಕೊಡವಿ ಮಣ್ಣನ್ನು ಅಲ್ಲೇ ಉದುರಿಸಿ ಪಕ್ಕಕ್ಕಿಡುವುದಕ್ಕೆ ಸರಾಸರಿ 12 ನಿಮಿಷ ಹಿಡಿಯಿತು. ನೆಲಮಟ್ಟಕ್ಕೆ ಕೊಯ್ದವುಗಳಿಗೆ 38 ನಿಮಿಷ, ಮತ್ತು ಪ್ರತಿಯೊಂದಕ್ಕೂ ಎಮ್ಮೆ ಮಲಗುವಷ್ಟು ಗುಂಡಿ. 16 ಕಿತ್ತ ಮೇಲೆ ಸಾಕೆಂದು ನಿಲ್ಲಿಸಿದೆ. ಉಳಿದ 30 ಬೊಡ್ಡೆಗಳು ಈಗಲೂ ನೆಲದಲ್ಲೇ ಇವೆ, ಮುಂದೆ ನೆಡುವ ಗಿಡದ ಗುಂಡಿಗಳನ್ನು ಅವುಗಳಿಂದ ಸರಿಸಿ ಗುರುತು ಹಾಕಿದ್ದೇನೆ.

ಲಂಟಾನಕ್ಕೆ ಮಾಮೂಲಿ ಬಕೆಟ್ ಸರಿಹೋಗಲಿಲ್ಲ. ಎರಡೂವರೆ ಅಡಿ ಅಗಲದ ಬಕೆಟ್ ಪೊದೆಯನ್ನು ಹಿಡಿದರೆ ಒಂದು ಬುಟ್ಟಿ ಮಣ್ಣೂ ಜೊತೆಗೆ ಬರುತ್ತದೆ, ಬೇರು ಮಾತ್ರ ಕತ್ತರಿಸಿ ಒಳಗೇ ಉಳಿಯುತ್ತದೆ. ಹಲ್ಲುಬಾಚಣಿಗೆಯಂಥದ್ದು ಬೇಕೆಂದು ಫೆಬ್ರುವರಿ 11ರ ಮಧ್ಯಾಹ್ನ ಬಕೆಟ್ಟಿನ ಅಂಚಿಗೆ ಲಾರಿಯ ಹಳೆಯ ಕಮಾನ್ (ಸ್ಪ್ರಿಂಗ್) ಪಟ್ಟಿಯ ನಾಲ್ಕು ತುಂಡುಗಳನ್ನು ಬೆಸುಗೆ ಹಾಕಿಸಿದೆ. ಉಕ್ಕು ಗಟ್ಟಿ, ಬಾಗುವುದಿಲ್ಲ ಎಂಬುದು ನನ್ನ ಎಣಿಕೆ. 40 ನಿಮಿಷದಲ್ಲಿ ಮೂರು ಹಲ್ಲುಗಳು ಬೆಸುಗೆಯ ಪಕ್ಕದಲ್ಲೇ ಗಾಜಿನಂತೆ ಮುರಿದವು. ಆ ಜಾತಿಯ ಉಕ್ಕನ್ನು ಕಾಯಿಸದೆ, ಸಾಧಾರಣ ರಾಡಿನಲ್ಲಿ ಬೆಸೆದರೆ ಹಾಗೇ ಆಗುತ್ತದೆ ಎಂದು ಆಮೇಲೆ ಪೇಟೆಯ ವೆಲ್ಡಿಂಗ್‌ನವರು ಹೇಳಿದರು. ಅದಕ್ಕೆ ಖರ್ಚು 3,200 ರೂಪಾಯಿ, ಮರುದಿನ ಯಂತ್ರ ನಿಂತದ್ದಕ್ಕೆ ಅರ್ಧ ದಿನದ ಬಾಡಿಗೆ 5,600 ರೂಪಾಯಿ.

ಎರಡನೆಯ ಸಲ ಅವರಿಂದಲೇ ಮಾಡಿಸಿದೆ. 25 ಮಿಲಿಮೀಟರ್ ದಪ್ಪ, 100 ಮಿಲಿಮೀಟರ್ ಅಗಲ, 750 ಮಿಲಿಮೀಟರ್ ಉದ್ದದ ಆರು ಹಲ್ಲುಗಳು, ಸಾಧಾರಣ ಎಂಎಸ್ (ಮೆದು ಉಕ್ಕಿನ) ಪ್ಲೇಟಿನವು. ಒಟ್ಟು ಅಗಲ 4 ಅಡಿ. ಸವೆದುಹೋದ ಹಳೆಯ ಬಕೆಟ್ಟಿನ ಕಿವಿಗಳನ್ನು (ಪಿನ್ನು ತೂರಿಸಿ ಯಂತ್ರಕ್ಕೆ ಜೋಡಿಸುವ ಭಾಗ) ಕತ್ತರಿಸಿ ಇದಕ್ಕೆ ಕೂರಿಸಿದ್ದರಿಂದ ಪಿನ್ನಿನ ಅಳತೆಯ ತೊಂದರೆ ಬರಲಿಲ್ಲ. ಪ್ಲೇಟ್ 88 ಕಿಲೋಗೆ 6,600, ಅಡ್ಡಪೈಪು ಮತ್ತು ಕಿವಿಗೆ 2,000, ಕೂಲಿ 4,000, ಒಟ್ಟು 12,600 ರೂಪಾಯಿ. ಫೆಬ್ರುವರಿ 13ರಿಂದ ಇದೇ ಕೆಲಸ ಮಾಡಿತು. ಪೊದೆಯ ಬುಡಕ್ಕೆ ಹಲ್ಲು ಇಳಿಸಿ ನಿಧಾನವಾಗಿ ಎಳೆದರೆ ಬೇರಿನ ಸಮೇತ ಪೊದೆ ಮೇಲೆ ಬರುತ್ತದೆ, ಎರಡು ಸಲ ಕೊಡವಿದರೆ ಮಣ್ಣು ಹಲ್ಲುಗಳ ಸಂದಿನಿಂದ ಉದುರಿ ಅಲ್ಲೇ ಉಳಿಯುತ್ತದೆ. ಎಕರೆಗೆ ಒಂಬತ್ತೂವರೆ ಗಂಟೆಯಂತೆ 29 ಗಂಟೆಯಲ್ಲಿ ಉಳಿದ ಜಾಗ ಪೂರ್ತಿ ಮುಗಿಯಿತು. ಪೊದೆ ಬಿಡಿಸುವುದಕ್ಕಷ್ಟೇ ಲೆಕ್ಕ ಹಾಕಿದರೆ ಟೈರಿನ ಯಂತ್ರಕ್ಕೆ ಎಕರೆಗೆ 32,000 ರೂಪಾಯಿ ಆಗುತ್ತಿತ್ತು. ಇದಕ್ಕೆ 13,500 ರೂಪಾಯಿಯೂ ಆಗಲಿಲ್ಲ. ಒಣಗಿದ ಲಂಟಾನದ ಹೊಟ್ಟು ರೇಡಿಯೇಟರಿಗೆ ಮೆತ್ತಿಕೊಂಡು ಎಂಜಿನ್ ಎರಡು ಸಲ ಬಿಸಿಯಾದದ್ದೊಂದೇ ಕಿರಿಕಿರಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಬ್ರಷ್ಷಿನಲ್ಲಿ ಒರೆಸಿ ಗಾಳಿ ಹೊಡೆಯುವ ಕ್ರಮ ಮಾಡಿಕೊಂಡೆವು.

ಫೆಬ್ರುವರಿ 14ರಂದು ಹಳೆಯ ಕೊಟ್ಟಿಗೆಯ ಹಿಂದೆ ಎಡಗಡೆಯ ಚೈನ್ ಇದ್ದಕ್ಕಿದ್ದಂತೆ ಕುಸಿಯಿತು. ಅದು ತರಗೆಲೆ ತುಂಬಿ ಮುಚ್ಚಿಹೋಗಿದ್ದ ಆರಡಿ ಆಳದ ಗೊಬ್ಬರಗುಂಡಿ. ನಮ್ಮ ಕಾಲುದಾರಿಯ ಎರಡು ಸಾಲುಗಳ ನಡುವೆ ಸರಿಯಾಗಿ ಸಿಕ್ಕಿಕೊಂಡಿತ್ತು. 15 ಅಡಿಗೆ ಒಂದು ಸಾಲು ಮಾಡಿಸಿದ್ದರೆ ಆಳುಗಳ ಕೋಲಿಗೆ ತಾಕುತ್ತಿತ್ತು. ಯಂತ್ರ ಇಳಿಜಾರಿನ ಕಡೆಗೇ ವಾಲಿತು. ಆಪರೇಟರ್ ಗಾಬರಿಯಾಗದೆ ಕುಸಿದ ಕಡೆಗೇ ತಿರುಗಿ, ಬೂಮನ್ನು (ಬಕೆಟ್ ಹಿಡಿದಿರುವ ಯಂತ್ರದ ತೋಳು) ನೆಲಕ್ಕೆ ಒತ್ತಿ ಎಡಭಾಗವನ್ನು ಎತ್ತಿ ಹಿಡಿದರು. ನಾವು ಗುಂಡಿಗೆ ಅಕೇಶಿಯಾದ ದಿಮ್ಮಿಗಳನ್ನು ಉದ್ದಕ್ಕೆ ಉರುಳಿಸಿ ತುಂಬಿದೆವು. 50 ನಿಮಿಷದಲ್ಲಿ ಹೊರಗೆ ಬಂತು. ಯಾರಿಗೂ ಏನೂ ಆಗಲಿಲ್ಲ. ಬೂಮ್ ಯಂತ್ರವನ್ನು ಎತ್ತಿ ಹಿಡಿದಿರುವಾಗ ಅದರ ಕೆಳಗೆ ಯಾರನ್ನೂ ಬಿಡದೆ ದಿಮ್ಮಿಯನ್ನು ಹಗ್ಗದಿಂದ ಉರುಳಿಸಿದ್ದು ಆ ದಿನ ನಾವು ಮಾಡಿದ ಒಂದು ಸರಿಯಾದ ಕೆಲಸ.

ಹಂತ 9. ರಾಶಿ, ಅಗಳು, ಹಿಂದಿರುಗಿದ್ದು (ಫೆಬ್ರುವರಿ 17)

ಕಿತ್ತದ್ದನ್ನು ಸುಡಲಿಲ್ಲ. ಪಕ್ಕದಲ್ಲಿ ಅರಣ್ಯವಿದೆ, ಫೆಬ್ರುವರಿ ಮಾರ್ಚಿನ ಗಾಳಿಗೆ ಬೆಂಕಿ ಯಾರ ಮಾತನ್ನೂ ಕೇಳುವುದಿಲ್ಲ. ಬೊಡ್ಡೆಗಳನ್ನೂ ಪೊದೆಯನ್ನೂ ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯಲ್ಲಿ, 40 ಅಡಿಗೊಂದರಂತೆ ಸಾಲು ರಾಶಿ ಹಾಕಿಸಿದೆ, ಬುಡ ಮೇಲೆ ಮಾಡಿ. ಮೇಲಂಚಿನಲ್ಲಿ ಎರಡಡಿ ಆಳದ ಅಗಳು ತೆಗೆಸಿ, ಮೇಲಿನ ಗುಡ್ಡದ ನೀರು ಜಮೀನಿಗೆ ನುಗ್ಗದೆ ಹಳ್ಳಕ್ಕೆ ತಿರುಗುವಂತೆ ಮಾಡಿಸಿದೆ. ಇವೆರಡಕ್ಕೂ 11 ಗಂಟೆ ಆಯಿತು.

ಚೈನ್ ಗಾಡಿಯ ಒಟ್ಟು ಗಂಟೆ: ಓಡಾಟ ಮತ್ತು ಮೋರಿಗೆ 5, ಬೊಡ್ಡೆಗೆ 29, ಪೊದೆಗೆ 29, ರಾಶಿ ಮತ್ತು ಅಗಳಿಗೆ 11, ಒಟ್ಟು 74. ಬಾಡಿಗೆ 1,03,600 ರೂಪಾಯಿ. ನಿಂತ ದಿನಕ್ಕೆ 5,600, ಲಾರಿಗೆ 18,000, ಆಪರೇಟರ್ ಬಾಟಾ (ದಿನಭತ್ಯೆ) ಹತ್ತು ದಿನಕ್ಕೆ 5,000, ಹಲ್ಲುಗಳಿಗೆ ಎರಡು ಸಲದ್ದೂ ಸೇರಿ 15,800. ಟೈರಿನ ಯಂತ್ರಕ್ಕೆ 9,600, ಮರ ಕೊಯ್ಯಲು 25,000, ಸಾಲು ಬಿಡಿಸಲು 9,600, ದಾರಿಗೆ 6,500. ಎಲ್ಲ ಕೂಡಿ 1,98,700 ರೂಪಾಯಿ. ಅನುಮತಿಯ ಮೇಲೆ ಅಕೇಶಿಯಾ ನಾಟಾ ಮತ್ತು ಸೌದೆ ಮಾರಿ 62,000 ರೂಪಾಯಿ ಬಂತು. ಕೈಯಿಂದ ಹೋದದ್ದು 1,36,700, ಅಂದರೆ ಎಕರೆಗೆ 42,000 ರೂಪಾಯಿ. ಇದರಲ್ಲಿ ಟೈರಿನ ಯಂತ್ರದ ದಿನ, ಕಮಾನ್ ಪಟ್ಟಿ, ಯಂತ್ರ ನಿಂತ ದಿನ ಮತ್ತು ನೆಲಮಟ್ಟದ 16 ಬೊಡ್ಡೆಗಳಿಗೆ ಹೆಚ್ಚಾಗಿ ಹೋದ ಸುಮಾರು 7 ಗಂಟೆ, ಇವಿಷ್ಟೂ ನನ್ನ ತಪ್ಪಿನ ಲೆಕ್ಕ. ಅದೇ 28,000 ರೂಪಾಯಿಯ ಹತ್ತಿರ ಬರುತ್ತದೆ.

ಹಂತ 10. ಅಡ್ಡಮಳೆಯ ನಂತರ (ಏಪ್ರಿಲ್ 2025)

ಏಪ್ರಿಲ್‌ನಲ್ಲಿ ಎರಡು ಒಳ್ಳೆಯ ಅಡ್ಡಮಳೆ ಬಿದ್ದವು. ಅಗಳು ತುಂಬಿ ಹರಿಯಿತು, ರಾಶಿಗಳ ಮೇಲ್ಬದಿಯಲ್ಲಿ ಅಂಗೈ ದಪ್ಪದ ರೇವೆ ನಿಂತಿತು. ಟೈರಿನ ಯಂತ್ರ ಬಿಡಿಸಿದ 9 ಗುಂಟೆಯಲ್ಲಿ ಮಾತ್ರ ನೀರು ಕೆಂಪಾಗಿ ಹರಿದು ಮೂರು ಕಡೆ ಬೆರಳುದ್ದದ ಕಾಲುವೆ ಕೊರೆದಿದೆ. ಅಲ್ಲಿಗೆ ಈಗ ತರಗೆಲೆ ಹೊತ್ತು ತಂದು ಹಾಸುತ್ತಿದ್ದೇವೆ.

ಏಪ್ರಿಲ್ 27ರಂದು ಎರಡೂ ಕಡೆ ಹತ್ತಡಿ ಚೌಕ ಅಳೆದು ಲಂಟಾನದ ಹೊಸ ಚಿಗುರನ್ನು ಎಣಿಸಿದೆ. ಟೈರಿನ ಯಂತ್ರದ ಜಾಗದಲ್ಲಿ 31, ಎಲ್ಲವೂ ತುಂಡಾದ ಹಳೆಯ ಬೇರಿನಿಂದ ಒಡೆದವು. ಹಲ್ಲಿನಿಂದ ಎಳೆದ ಜಾಗದಲ್ಲಿ 6, ಅವುಗಳಲ್ಲಿ 4 ಬೀಜದ ಸಸಿಗಳು, ಕೈಯಲ್ಲಿ ಎಳೆದರೆ ಬಂದವು. ಮುಂಗಾರು ಹಿಡಿಯುವ ಮೊದಲು ಆ 9 ಗುಂಟೆಯ ಬೇರುಗಳನ್ನು ಗುದ್ದಲಿಯಲ್ಲಿ ಒಂದೊಂದಾಗಿ ತೆಗೆಯಬೇಕು. ಇಬ್ಬರು ಆಳುಗಳಿಗೆ ಆರು ದಿನದ ಕೆಲಸ ಎಂದು ಅಂದಾಜು ಮಾಡಿ ಸೋಮವಾರದಿಂದ ಬರಲು ಹೇಳಿದ್ದೇನೆ.